ಮರೆತ ಆಟವನ್ನು ಮತ್ತೆ ಕಲಿಯಬಹುದೇ?

2024ನೆಯ ಇಸವಿ ಜೂನ್ ತಿಂಗಳ 7ರ ಬೆಳಗ್ಗೆ ಒಂಬತ್ತನೆಯ ತರಗತಿಯಲ್ಲಿ ಪದ್ಯಪಾಠಕ್ಕೆಂದು ಪುಸ್ತಕ ತೆರೆದೆ. ಹುಡುಗರ ಕಿವಿ ಪದ್ಯದ ಮೇಲಿರಲಿಲ್ಲ. ಹಿಂದಿನ ರಾತ್ರಿ ಅಮೆರಿಕದ ತಂಡವು ಟೆಕ್ಸಸ್ ಪ್ರಾಂತದ ಡಲ್ಲಸ್ ನಗರದ ಬಳಿ ಪಾಕಿಸ್ತಾನವನ್ನು ಕ್ರಿಕೆಟ್ಟಿನಲ್ಲಿ ಸೋಲಿಸಿತ್ತು. ಎರಡು ತಂಡಗಳೂ 159 ರನ್ನು ಮಾಡಿ ಸರಿಸಮವಾಗಿ ನಿಂತು, ಕಡೆಗೆ ಒಂದೊಂದು ಓವರಿನ ಹೆಚ್ಚುವರಿ ಆಟದಲ್ಲಿ ಅಮೆರಿಕ 18, ಪಾಕಿಸ್ತಾನ 13 ಎಂದು ತೀರ್ಮಾನವಾಗಿತ್ತು. ಮುಂದಿನ ಸಾಲಿನ ಹುಡುಗನೊಬ್ಬ ಎದ್ದುನಿಂತು, “ಸಾರ್, ಅಮೆರಿಕದವರು ಕ್ರಿಕೆಟ್ ಆಡೋದನ್ನ ಯಾವಾಗ ಕಲಿತರು?” ಎಂದು ಕೇಳಿದ. “ಕಲಿತದ್ದು ಯಾವಾಗ ಎಂದು ಕೇಳಬೇಡ ಮಗು, ಮರೆತದ್ದು ಯಾವಾಗ ಎಂದು ಕೇಳು” ಎಂದೆ. ಅಂದು ಪದ್ಯಪಾಠ ನಡೆಯಲಿಲ್ಲ. ಅವನಿಗೆ ಹೇಳಿದ್ದನ್ನೇ, ವಾಚಕರೇ, ಸ್ವಲ್ಪ ವಿಸ್ತರಿಸಿ ತಮ್ಮ ಮುಂದೆಯೂ ಇಡುತ್ತಿದ್ದೇನೆ.

ಬೇಸ್‌ಬಾಲಿಗೆ ಮನಸೋತ ನಾಡಿನಲ್ಲಿ ಕ್ರಿಕೆಟ್ಟು ಬೇರೂರೀತೇ ಎಂದು ಯಾರನ್ನಾದರೂ ಕೇಳಿ. ಅಮೆರಿಕದವರಿಗೆ ತಾಳ್ಮೆಯಿಲ್ಲ, ದಿನಗಟ್ಟಲೆ ಆಡುವ ಆಟ ಅವರ ಜಾಯಮಾನಕ್ಕೆ ಒಗ್ಗದು ಎಂಬ ಉತ್ತರ ಸಿದ್ಧವಾಗಿರುತ್ತದೆ. ಒಂದೊಂದು ಬೇಸ್‌ಬಾಲ್ ತಂಡ ವರ್ಷಕ್ಕೆ 162 ಪಂದ್ಯ ಆಡುವುದನ್ನು ವಸಂತದಿಂದ ಶರತ್ಕಾಲದವರೆಗೆ ಕುಳಿತು ನೋಡುವ ಜನಕ್ಕೆ ತಾಳ್ಮೆಯಿಲ್ಲವೆನ್ನುವುದು ಹೇಗೆ? ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನೆಲದಲ್ಲಿ ಡೊಂಕಿರಲಿಲ್ಲವೆಂಬುದಕ್ಕೆ ಚರಿತ್ರೆಯೇ ಸಾಕ್ಷಿ.

1844ರ ಸೆಪ್ಟೆಂಬರ್ 24ರಂದು ನ್ಯೂಯಾರ್ಕಿನ ಸೇಂಟ್ ಜಾರ್ಜ್ ಕ್ಲಬ್ಬಿನ ಮೈದಾನದಲ್ಲಿ ಅಮೆರಿಕಕ್ಕೂ ಕೆನಡಕ್ಕೂ ಪಂದ್ಯ ಆರಂಭವಾಯಿತು. ಕೆನಡ 82 ಮತ್ತು 63, ಅಮೆರಿಕ 64 ಮತ್ತು 58. ಕೆನಡಕ್ಕೆ 23 ರನ್ನುಗಳ ಜಯ. ಎರಡು ದೇಶಗಳ ಹೆಸರಿನಲ್ಲಿ ನಡೆದ ಮೊದಲ ಕ್ರಿಕೆಟ್ ಪಂದ್ಯವಿದು. ಇಂಗ್ಲೆಂಡ್ ಮತ್ತು ಆಸ್ಟ್ರೇಲಿಯಗಳ ಮೊದಲ ಟೆಸ್ಟ್ ಪಂದ್ಯ ನಡೆದದ್ದು 1877ರಲ್ಲಿ, ಎಂದರೆ ಇದಾದ 33 ವರ್ಷಗಳ ಮೇಲೆ. 1859ರಲ್ಲಿ ಇಂಗ್ಲೆಂಡಿನ ಆಟಗಾರರು ಮೊತ್ತಮೊದಲ ಬಾರಿಗೆ ಕಡಲು ದಾಟಿ ಹೊರಟಾಗಲೂ ಅವರ ಹಡಗು ಸಾಗಿದ್ದು ಉತ್ತರ ಅಮೆರಿಕದ ಕಡೆಗೇ. ಜಾರ್ಜ್ ಪಾರ್ ಎಂಬಾತನ ನಾಯಕತ್ವದ ಆ ಹನ್ನೊಂದು ಮಂದಿಯ ಎದುರು ಅಲ್ಲಿಯವರು ಇಪ್ಪತ್ತೆರಡು ಮಂದಿಯನ್ನು ಇಳಿಸಿ ಆಡಿದರು, ಆದರೂ ಸೋತರು. ಸೋಲಲಿ, ಆಟವಂತೂ ಅಲ್ಲಿತ್ತಷ್ಟೆ.

ಇದ್ದ ಆಟ ಹೋದದ್ದೆಲ್ಲಿಗೆ? ಒಂದೇ ಮನೆಯ ಕಥೆಯಿಂದ ಇದನ್ನು ತಿಳಿಯಬಹುದು. ಸೇಂಟ್ ಜಾರ್ಜ್ ಎಂಬುದು ಇಂಗ್ಲೆಂಡಿನ ರಕ್ಷಕ ಸಂತನ ಹೆಸರು. ಆ ಕ್ಲಬ್ಬಿನಲ್ಲಿ ಆಡುತ್ತಿದ್ದವರೂ ಬಹುಮಟ್ಟಿಗೆ ಇಂಗ್ಲೆಂಡಿನಿಂದ ಬಂದು ನೆಲೆಸಿದವರೇ. ಅಲ್ಲಿ ಸಂಬಳಕ್ಕೆ ಆಡುತ್ತ ಆಟ ಕಲಿಸುತ್ತಿದ್ದವನು ಸ್ಯಾಮ್ ರೈಟ್. ಅವನ ಮಗ ಹ್ಯಾರಿ ಹುಟ್ಟಿದ್ದು ಇಂಗ್ಲೆಂಡಿನ ಶೆಫೀಲ್ಡಿನಲ್ಲಿ, ಬೆಳೆದದ್ದು ನ್ಯೂಯಾರ್ಕಿನಲ್ಲಿ. ತಂದೆಯಿಂದ ಕ್ರಿಕೆಟ್ ಕಲಿತ ಹ್ಯಾರಿ ಮುಂದೆ ಬೇಸ್‌ಬಾಲಿಗೆ ತಿರುಗಿ, 1869ರಲ್ಲಿ ಸಿನ್ಸಿನಾಟಿ ನಗರದಲ್ಲಿ ಎಲ್ಲ ಆಟಗಾರರಿಗೂ ಬಹಿರಂಗವಾಗಿ ಸಂಬಳ ಗೊತ್ತುಮಾಡಿದ ಮೊದಲ ಬೇಸ್‌ಬಾಲ್ ತಂಡವನ್ನು ಕಟ್ಟಿದ. ಆ ವರ್ಷ ಆ ತಂಡ ಒಂದು ಪಂದ್ಯವನ್ನೂ ಸೋಲಲಿಲ್ಲ. ಪತ್ರಿಕೆಗಳಿಗೆ ಕ್ರಿಕೆಟ್ ವರದಿ ಬರೆಯುತ್ತಿದ್ದ ಹೆನ್ರಿ ಚಾಡ್ವಿಕ್ ಎಂಬ ಆಂಗ್ಲಸಂಜಾತನೂ ಇದೇ ದಾರಿ ಹಿಡಿದು, ಬೇಸ್‌ಬಾಲಿನ ಅಂಕಪಟ್ಟಿಯ ಕ್ರಮವನ್ನು ರೂಪಿಸಿದ. ಕ್ರಿಕೆಟ್ಟಿನ ಮನೆಯಲ್ಲಿ ಉಂಡವರೇ ಎದ್ದು ಪಕ್ಕದ ಮನೆಯ ಜಗುಲಿಗೆ ಹೋಗಿ ಕುಳಿತರು.

ಪಕ್ಕದ ಮನೆಯ ಬಾಗಿಲು ತೆರೆದಿತ್ತು, ಅದೇ ಕಾರಣ. ಕ್ರಿಕೆಟ್ಟಿಗೆ ಹದಮಾಡಿದ ನೆಲ ಬೇಕು, ನೆಲವನ್ನು ನೋಡಿಕೊಳ್ಳುವ ಆಳು ಬೇಕು, ಇವೆರಡನ್ನೂ ಸಾಕುವ ಕ್ಲಬ್ಬು ಬೇಕು. ಬೇಸ್‌ಬಾಲಿಗೆ ಒಂದು ಬಯಲು ಸಾಕು. ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದ ಕಾಲದಲ್ಲಿ ಸೈನಿಕರು ಬಿಡಾರಗಳ ನಡುವಣ ಬಯಲಿನಲ್ಲಿ ಅದನ್ನು ಆಡಿದರು, ಯುದ್ಧ ಮುಗಿದು ಮನೆಗೆ ಹೋಗುವಾಗ ಊರೂರಿಗೆ ಹೊತ್ತೊಯ್ದರು. ಅಲ್ಲಿಂದ ಮುಂದೆ ಅದು ದೇಶಾಭಿಮಾನದ ವಿಷಯವೂ ಆಯಿತು. ಬೇಸ್‌ಬಾಲ್ ಇಂಗ್ಲೆಂಡಿನ ಮಕ್ಕಳಾಟವೊಂದರಿಂದ ಹುಟ್ಟಿತೆಂದು ಚಾಡ್ವಿಕ್ ಎಷ್ಟು ಹೇಳಿದರೂ ಕೇಳದೆ, ಅದು 1839ರಲ್ಲಿ ನಮ್ಮ ನೆಲದಲ್ಲೇ ಹುಟ್ಟಿತೆಂದು 1907ರಲ್ಲಿ ಒಂದು ಸಮಿತಿ ತೀರ್ಪನ್ನೇ ಕೊಟ್ಟಿತು. ಈ ತೀರ್ಪನ್ನು ಇಂದಿನ ಇತಿಹಾಸಕಾರರು ಒಪ್ಪುವುದಿಲ್ಲ. ಆದರೆ ಒಂದು ಜನಾಂಗವು ಆಟವೊಂದನ್ನು ತನ್ನ ಹೊಟ್ಟೆಯಲ್ಲಿ ಹುಟ್ಟಿದ ಕೂಸೆಂದು ಎತ್ತಿಕೊಂಡಿತೆಂಬುದಕ್ಕೆ ಅದಕ್ಕಿಂತ ಬೇರೆ ಗುರುತು ಬೇಕೇ?

ಆಗಲೂ ಕ್ರಿಕೆಟ್ಟು ಸತ್ತಿರಲಿಲ್ಲ. ಫಿಲಡೆಲ್ಫಿಯ ನಗರದಲ್ಲಿ ಅದು ವೈಭವದಿಂದಲೇ ಬಾಳಿತು. 1893ರಲ್ಲಿ ಪ್ರವಾಸ ಬಂದ ಆಸ್ಟ್ರೇಲಿಯ ತಂಡದ ಮೇಲೆ ಆ ಊರಿನವರು 525 ರನ್ನು ಪೇರಿಸಿ, ಒಂದು ಇನ್ನಿಂಗ್ಸ್ ಮತ್ತು 68 ರನ್ನುಗಳಿಂದ ಗೆದ್ದರು. ಅವರಲ್ಲಿ ಬಾರ್ಟ್ ಕಿಂಗ್ ಎಂಬ ಬೌಲರ್ ಇದ್ದ. ಬಾಲ್ಯದಲ್ಲಿ ಬೇಸ್‌ಬಾಲ್ ಆಡಿದವನು; ಆ ಕೈಚಳಕವನ್ನೇ ಕ್ರಿಕೆಟ್ಟಿಗೆ ತಂದು ಚೆಂಡನ್ನು ಗಾಳಿಯಲ್ಲೇ ತಿರುಗಿಸುತ್ತಿದ್ದ. 1908ರಲ್ಲಿ ಇಂಗ್ಲೆಂಡಿಗೆ ಹೋಗಿ, 87 ವಿಕೆಟ್ಟುಗಳನ್ನು ತಲಾ ಹನ್ನೊಂದು ಚಿಲ್ಲರೆ ರನ್ನಿಗೆ ಉರುಳಿಸಿ, ಆ ನಾಡಿನ ಎಲ್ಲ ಬೌಲರುಗಳನ್ನೂ ಮೀರಿಸಿ ಬಂದ. ಆ ಸರಾಸರಿಯನ್ನು ಇಂಗ್ಲೆಂಡಿನಲ್ಲಿ 1958ರವರೆಗೆ ಯಾರೂ ಮೀರಲಾಗಲಿಲ್ಲ.

ಮರುವರ್ಷ, 1909ರಲ್ಲಿ, ಇಂಗ್ಲೆಂಡ್, ಆಸ್ಟ್ರೇಲಿಯ, ದಕ್ಷಿಣ ಆಫ್ರಿಕಗಳು ಸೇರಿ ಇಂಪೀರಿಯಲ್ ಕ್ರಿಕೆಟ್ ಸಮ್ಮೇಳನವನ್ನು ಸ್ಥಾಪಿಸಿದವು. ಹೆಸರೇ ಹೇಳುವಂತೆ ಅದು ಸಾಮ್ರಾಜ್ಯದ ಕೂಟ. ಬ್ರಿಟಿಷ್ ಸಾಮ್ರಾಜ್ಯದ ಹೊರಗಿನವರಿಗೆ ಅಲ್ಲಿ ಮಣೆಯಿಲ್ಲ. ಇಂಗ್ಲೆಂಡಿನ ನೆಲದಲ್ಲೇ ಎಲ್ಲರನ್ನೂ ಮೀರಿಸಿದ ಆಟಗಾರನ ದೇಶ ಬಾಗಿಲಾಚೆ ಉಳಿಯಿತು. ಕಾಲಕ್ರಮದಲ್ಲಿ ಫಿಲಡೆಲ್ಫಿಯದ ಕ್ಲಬ್ಬುಗಳು ಟೆನಿಸ್, ಗಾಲ್ಫುಗಳ ಕಡೆಗೆ ಹೊರಳಿದವು. ಅಲ್ಲಿಯ ಜರ್ಮನ್‌ಟೌನ್ ಕ್ರಿಕೆಟ್ ಕ್ಲಬ್ಬಿನಲ್ಲಿ 1921ರಿಂದ 1923ರವರೆಗೆ ನಡೆದದ್ದು ರಾಷ್ಟ್ರೀಯ ಟೆನಿಸ್ ಪಂದ್ಯಾವಳಿ. ಫಲಕದ ಮೇಲೆ ಕ್ರಿಕೆಟ್, ಅಂಗಳದಲ್ಲಿ ಟೆನಿಸ್!

ನಮ್ಮಲ್ಲೇನು ಬಾಗಿಲು ತೆರೆದಿತ್ತೇ ಎಂದು ತಾವು ಕೇಳಬಹುದು. ಇಲ್ಲ. ಆದರೆ ನಮ್ಮವರು ಕರೆಗಾಗಿ ಕಾಯಲಿಲ್ಲ. ಮುಂಬಯಿಯ ಪಾರಸಿ ತರುಣರು 1848ರಲ್ಲೇ ತಮ್ಮದೊಂದು ಕ್ಲಬ್ಬನ್ನು ಕಟ್ಟಿಕೊಂಡರು. ಧಾರವಾಡದಲ್ಲಿ 1876ರಲ್ಲಿ ಹುಟ್ಟಿದ ಪಾಲ್ವಣಕರ ಬಾಳೂ ಅವರ ಕಥೆ ಇನ್ನೂ ಮನಮುಟ್ಟುವಂಥದು. ಅಸ್ಪೃಶ್ಯರೆಂದು ದೂರವಿರಿಸಿದ್ದ ಕುಲದವರು. ಪುಣೆಯ ಬಿಳಿಯರ ಕ್ಲಬ್ಬಿನಲ್ಲಿ ನೆಲ ಹಸನುಮಾಡುವ ಚಾಕರಿ. ಅಭ್ಯಾಸಕ್ಕೆ ಬರುವ ದೊರೆಗಳಿಗೆ ಚೆಂಡೆಸೆಯುತ್ತ ಎಸೆಯುತ್ತಲೇ ಎಡಗೈ ಬೌಲಿಂಗ್ ಸಾಧಿಸಿದರು. ಜೊತೆಗೆ ಆಡುವ ಸವರ್ಣೀಯರು ಮೈದಾನದಲ್ಲಿ ಅವರಿಂದ ಚೆಂಡು ಪಡೆಯುತ್ತಿದ್ದರು, ಚಹದ ವೇಳೆ ಬೇರೆ ಬಟ್ಟಲು ಕೊಡುತ್ತಿದ್ದರು. ಅವರೇ 1911ರಲ್ಲಿ ಭಾರತೀಯ ತಂಡದೊಡನೆ ಇಂಗ್ಲೆಂಡಿಗೆ ಹೋಗಿ ನೂರಕ್ಕೂ ಮಿಕ್ಕಿ ವಿಕೆಟ್ಟು ಪಡೆದು ಬಂದರು. ಕಿಂಗ್ ಮತ್ತು ಬಾಳೂ ಒಂದೇ ಕಾಲದವರು, ಸಾಮರ್ಥ್ಯದಲ್ಲಿ ಇಬ್ಬರೂ ಕಡಮೆಯವರಲ್ಲ. ಕಿಂಗ್‌ನ ಹಿಂದೆ ಕ್ಲಬ್ಬಿನ ಸಭ್ಯರಿದ್ದರು. ಬಾಳೂ ಅವರ ಹಿಂದೆ ಬೀದಿಯ ಜನವಿತ್ತು. ಕ್ಲಬ್ಬಿನವರ ಅಭಿರುಚಿ ಬದಲಾದೊಡನೆ ಅಲ್ಲಿ ಆಟ ಬಾಡಿತು. ಬೀದಿಗಿಳಿದ ಆಟ ಇಲ್ಲಿ ಉಳಿಯಿತು.

ಮುಂದೆ ಬಂದದ್ದು 1965. ಆ ವರ್ಷ ಸಮ್ಮೇಳನವು ‘ಇಂಪೀರಿಯಲ್’ ಎಂಬ ಹೆಸರನ್ನು ಬಿಟ್ಟು ‘ಇಂಟರ್‌ನ್ಯಾಷನಲ್’ ಆಗಿ, ಅಮೆರಿಕವನ್ನು ಸಹಸದಸ್ಯನಾಗಿ ಸೇರಿಸಿಕೊಂಡಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಅಮೆರಿಕ ತನ್ನ ವಲಸೆಯ ಕಾನೂನನ್ನು ಬದಲಿಸಿ ಏಷ್ಯದವರಿಗೆ ಬಾಗಿಲು ತೆರೆಯಿತು. ಅದೇ ಅಕ್ಟೋಬರಿನಲ್ಲಿ ಬಾರ್ಟ್ ಕಿಂಗ್ ತನ್ನ 91ನೆಯ ವಯಸ್ಸಿನಲ್ಲಿ ತೀರಿಕೊಂಡ. ಹಳೆಯ ಆಟದ ಕೊನೆಯ ದೊಡ್ಡ ಹೆಸರು ಮರೆಯಾಗುವಾಗ ಹೊಸ ಆಟಗಾರರಿಗೆ ದಾರಿ ಬಿಟ್ಟಂತಾಯಿತು. ವೆಸ್ಟ್ ಇಂಡೀಸಿನವರು ಮೊದಲೇ ನ್ಯೂಯಾರ್ಕಿನ ಉದ್ಯಾನಗಳಲ್ಲಿ ಆಡುತ್ತಿದ್ದರು. ಅವರ ಜೊತೆಗೆ ನಮ್ಮವರೂ ಪಾಕಿಸ್ತಾನದವರೂ ಬಂದು ಸೇರಿದರು.

2024ರ ಜಯ ಈ ವಲಸೆಗಾರರದು. ಕೊನೆಯ ಹೆಚ್ಚುವರಿ ಓವರನ್ನು ಎಸೆದ ಸೌರಭ ನೇತ್ರಾವಳ್ಕರ್ ಮುಂಬಯಿಯವರು, ವೃತ್ತಿಯಲ್ಲಿ ಇಂಜಿನಿಯರು. ಅದೇ ಪಂದ್ಯದಲ್ಲಿ ಮೂರು ವಿಕೆಟ್ಟು ಪಡೆದ ನೊಸ್ತುಷ್ ಕೆಂಜಿಗೆ ಅಮೆರಿಕದ ಅಲಬಾಮದಲ್ಲಿ ಹುಟ್ಟಿ, ನಮ್ಮ ಬೆಂಗಳೂರಿನಲ್ಲಿ ಆಟ ಕಲಿತು ಮರಳಿ ಹೋದ, ಚಿಕ್ಕಮಗಳೂರು ಸೀಮೆಯ ಮನೆತನದವರು. ಪಂದ್ಯ ನಡೆದ ಕ್ರೀಡಾಂಗಣವೋ, ಹಿಂದೆ ಬೇಸ್‌ಬಾಲಿನದೇ ಆಗಿದ್ದು ಕ್ರಿಕೆಟ್ಟಿಗಾಗಿ ಮಾರ್ಪಟ್ಟದ್ದು! ಅದಕ್ಕೆ ಐದು ದಿನ ಮೊದಲು ಅಮೆರಿಕ ಕೆನಡವನ್ನು ಸೋಲಿಸಿತ್ತು. 1844ರ ಸೋಲಾಗಿ ನೂರೆಂಬತ್ತು ವರ್ಷಗಳ ಮೇಲೆ ಈ ಜಯ ಬಂದಿತೆಂದು ಹುಡುಗರಿಗೆ ಹೇಳಿದಾಗ ಅವರು ಚಪ್ಪಾಳೆ ತಟ್ಟಿದರು.

ಹಾಗಾದರೆ ಕ್ರಿಕೆಟ್ಟು ಅಮೆರಿಕವನ್ನು ಗೆದ್ದಿತೇ? ಇನ್ನೂ ಇಲ್ಲ. ಅದೇ ತಿಂಗಳು ನ್ಯೂಯಾರ್ಕಿನ ಬಳಿ 34,000 ಜನ ಕೂರುವ ತಾತ್ಕಾಲಿಕ ಕ್ರೀಡಾಂಗಣವನ್ನು ಕಟ್ಟಿ, ಎಂಟು ಪಂದ್ಯಗಳಾದ ಮೇಲೆ ಕಳಚಿ ಒಯ್ದರು. ಭಾರತ ಮತ್ತು ಪಾಕಿಸ್ತಾನಗಳ ಪಂದ್ಯಕ್ಕೆ ಅಲ್ಲಿ ತುಂಬಿದವರು ಬಹುಪಾಲು ನಮ್ಮ ಉಪಖಂಡದ ಮಕ್ಕಳು. 2023ರಲ್ಲಿ ಮುಂಬಯಿಯಲ್ಲಿ ಸೇರಿದ ಒಲಿಂಪಿಕ್ ಸಭೆ 2028ರ ಲಾಸ್ ಏಂಜಲೀಸ್ ಕ್ರೀಡಾಕೂಟಕ್ಕೆ ಕ್ರಿಕೆಟ್ಟನ್ನು ಸೇರಿಸಿದ್ದೂ ಉಂಟು. ಸಂತೋಷವೇ. ಆದರೆ ತವರಿನ ನೆನಪಿಗೆ ಬಂದು ಕುಳಿತವರನ್ನು ಲೆಕ್ಕಹಾಕಿ, ಆ ನೆಲ ಒಲಿಯಿತೆಂದು ಹಿಗ್ಗಬಾರದು. ಸೇಂಟ್ ಜಾರ್ಜ್ ಕ್ಲಬ್ಬಿನವರೂ ತವರಿನ ನೆನಪಿಗಾಗಿಯೇ ಆಡಿದರಲ್ಲವೇ? ತಂದೆಯ ಆಟ ಮಗನ ಆಟವಾಗಲಿಲ್ಲ. ಮಗ ಹ್ಯಾರಿ ರೈಟ್ ಬೇರೆ ಮೈದಾನಕ್ಕೆ ನಡೆದ. ಇಂದು ಅಲ್ಲಿ ನೆಲೆಸಿದ ನಮ್ಮವರಿಗೂ ಅದೇ ಪರೀಕ್ಷೆ ಕಾದಿದೆ. ಅವರ ಮಕ್ಕಳು ಪಕ್ಕದ ಮನೆಯ ಹುಡುಗನನ್ನು ಕರೆದು, ಅವನ ಕೈಗೂ ಬ್ಯಾಟು ಕೊಟ್ಟು ಆಡಿಸುವರೇ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಪಾಠ ಬಿಟ್ಟು ಕಥೆ ಹೇಳಿದ ಆ ದಿನ ಸಂಜೆ, ಬೀಗ ಹಾಕಿಸಿ ಹೊರಟವನು ಶಾಲೆಯ ಹಿಂದಿನ ಬಯಲನ್ನು ನೋಡುತ್ತ ನಿಂತೆ. ಪ್ರಶ್ನೆ ಕೇಳಿದ ಹುಡುಗ ತೆಂಗಿನ ಮಟ್ಟೆ ಹಿಡಿದು ಆಡುತ್ತಿದ್ದ. ಮೂರು ಕಲ್ಲು ಪೇರಿಸಿದ್ದೇ ವಿಕೆಟ್ಟು. ದಾರಿಯಲ್ಲಿ ಹೋಗುತ್ತಿದ್ದ ಪುಟ್ಟ ಬಾಲಕನೊಬ್ಬ ಬೇಲಿಯ ಬಳಿ ಬೆರಗಿನಿಂದ ನಿಂತಿದ್ದ. “ಬಾರೋ, ಫೀಲ್ಡಿಂಗಿಗೆ ಒಬ್ಬ ಕಡಮೆ” ಎಂದು ಇವರು ಕೂಗಿದರು. ಅವನು ಚೀಲವನ್ನು ಅಲ್ಲೇ ಇಟ್ಟು, ಬೇಲಿ ನುಸುಳಿ ಒಳಕ್ಕೆ ಓಡಿದ.