ಕೊಲಂಬಸ್‌ಗೆ ಒಂದು ದಿನದ ರಜೆ ಸಲ್ಲುತ್ತದೆಯೇ?

ಅಮೆರಿಕ ಸಂಯುಕ್ತ ಸಂಸ್ಥಾನದ ರಾಷ್ಟ್ರೀಯ ರಜಾದಿನಗಳ ಪಟ್ಟಿ ಚಿಕ್ಕದು. ಕ್ರಿಸ್‌ಮಸ್ ಒಂದನ್ನು ಬಿಟ್ಟರೆ ಅದರಲ್ಲಿ ವ್ಯಕ್ತಿಯ ಹೆಸರಿಗೆ ಮೀಸಲಾದ ದಿನಗಳು ಮೂರೇ. ಒಂದು ಜಾರ್ಜ್ ವಾಷಿಂಗ್ಟನ್‌ಗೆ, ಇನ್ನೊಂದು ಮಾರ್ಟಿನ್ ಲೂಥರ್ ಕಿಂಗ್‌ಗೆ, ಮೂರನೆಯದು ಕ್ರಿಸ್ಟೋಫರ್ ಕೊಲಂಬಸ್‌ಗೆ. ಮೊದಲ ಇಬ್ಬರು ಆ ನೆಲದಲ್ಲೇ ಹುಟ್ಟಿ ಅದರ ಚರಿತ್ರೆಯ ದಿಕ್ಕು ಬದಲಿಸಿದವರು. ಕೊಲಂಬಸ್ ಆ ದೇಶದ ಮುಖ್ಯಭೂಮಿಯ ಮೇಲೆ ಕಾಲಿಡಲೇ ಇಲ್ಲ. ಪ್ರತಿವರ್ಷ ಅಕ್ಟೋಬರ್ ತಿಂಗಳ ಎರಡನೆಯ ಸೋಮವಾರ ಬಂದಾಗ ಅಲ್ಲಿ ಒಂದು ಪ್ರಶ್ನೆ ಏಳುತ್ತದೆ: ಈ ಮನುಷ್ಯನಿಗೆ ಆ ಗೌರವ ಸಲ್ಲುತ್ತದೆಯೇ?

ಕೊಲಂಬಸ್ ಹೊರಟದ್ದು ‘ಇಂಡೀಸ್’ ಅರಸಿ. ಭಾರತ, ಚೀನಾ, ಜಪಾನುಗಳನ್ನೊಳಗೊಂಡ ಪೂರ್ವದೇಶಗಳಿಗೆ ಯುರೋಪಿನವರು ಇಟ್ಟಿದ್ದ ಒಟ್ಟು ಹೆಸರು ಅದು. 1492ರ ಅಕ್ಟೋಬರ್ 12ರಂದು ಆತ ಇಳಿದದ್ದು ಬಹಾಮಾಸ್‌ನ ಒಂದು ಪುಟ್ಟ ದ್ವೀಪದಲ್ಲಿ. ಅಲ್ಲಿಯ ಜನರನ್ನು ‘ಇಂಡಿಯನ್ನರು’ ಎಂದು ಕರೆದ. ಆ ತಪ್ಪು ಹೆಸರು ಐದು ಶತಮಾನ ದಾಟಿ ಉಳಿದುಬಂದಿದೆ.

ಈ ಯಾನದ ಮಹತ್ವವನ್ನು ಯಾರೂ ಅಲ್ಲಗಳೆಯಲಾರರು. ಅದಕ್ಕೂ ಸುಮಾರು 500 ವರ್ಷ ಮೊದಲೇ ಉತ್ತರ ಯುರೋಪಿನ ನಾವಿಕರು ಕೆನಡಾದ ನ್ಯೂಫೌಂಡ್‌ಲೆಂಡ್ ತಲುಪಿದ್ದರು. ಆದರೆ ಅವರು ಬಂದರು, ಹೋದರು; ಆ ಬರವಿನಿಂದ ಜಗತ್ತು ಬದಲಾಗಲಿಲ್ಲ. 1492ರ ನಂತರ ಮಾತ್ರ ಎರಡು ಖಂಡಗಳ ನಡುವಿನ ಸಂಪರ್ಕ ಮತ್ತೆ ಕಡಿಯಲಿಲ್ಲ. ಅದರ ಪರಿಣಾಮ ಕನ್ನಡಿಗರ ಅಡುಗೆಮನೆಯವರೆಗೂ ಬಂದಿದೆ. ಕರಿಮೆಣಸಿನ ನಾಡನ್ನು ಹುಡುಕಿ ಹೊರಟಿದ್ದ ಕೊಲಂಬಸ್, ಕೆರಿಬಿಯನ್ ದ್ವೀಪದಲ್ಲಿ ಕಂಡ ಖಾರದ ಕಾಯಿ ಮೆಣಸಿಗಿಂತಲೂ ಉತ್ತಮವೆಂದು ದಿನಚರಿಯಲ್ಲಿ ಬರೆದುಕೊಂಡ. ಮುಂದೆ ಪೋರ್ಚುಗೀಸರ ಮೂಲಕ ಅದು ನಮ್ಮ ಪಶ್ಚಿಮ ಕರಾವಳಿಗೆ ಬಂದಾಗ ಕನ್ನಡ ಜನರೂ ಹಳೆಯ ಮೆಣಸಿನ ಹೆಸರನ್ನೇ ಅದಕ್ಕೆ ಕೊಟ್ಟು ಮೆಣಸಿನಕಾಯಿ ಎಂದರು. ಆಲೂಗಡ್ಡೆ, ಟೊಮ್ಯಾಟೊ, ಮುಸುಕಿನ ಜೋಳ, ಶೇಂಗಾ, ಗೋಡಂಬಿಗಳೂ ಅಮೆರಿಕ ಖಂಡಗಳ ಕೊಡುಗೆಗಳೇ.

ಆದರೆ ಘಟನೆಯ ಮಹತ್ವ ಬೇರೆ, ವ್ಯಕ್ತಿಯ ಯೋಗ್ಯತೆ ಬೇರೆ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಿರುವುದರಿಂದಲೇ ಈ ವಾದ ಬಗೆಹರಿಯದೆ ಉಳಿದಿದೆ. ನಾವಿಕನಾಗಿ ಕೊಲಂಬಸ್ ಸಾಹಸಿ. ಹಿಸ್ಪಾನಿಯೋಲ ದ್ವೀಪದ, ಅಂದರೆ ಇಂದಿನ ಹೈಟಿ ಮತ್ತು ಡೊಮಿನಿಕನ್ ಗಣರಾಜ್ಯದ ಆಡಳಿತಗಾರನಾಗಿ ಆತ ಮಾಡಿದ್ದೇನು? 1495ರಲ್ಲಿ ಅಲ್ಲಿಯ ಟೈನೊ ಜನರನ್ನು ಹಿಡಿಸಿ ಸುಮಾರು 550 ಮಂದಿಯನ್ನು ಗುಲಾಮರನ್ನಾಗಿ ಸ್ಪೇನಿಗೆ ಸಾಗಿಸಿದ. ಸುಮಾರು 200 ಮಂದಿ ದಾರಿಯಲ್ಲೇ ಸತ್ತರು. 14 ವರ್ಷ ಮೀರಿದ ಪ್ರತಿಯೊಬ್ಬ ಟೈನೊ ಮೂರು ತಿಂಗಳಿಗೊಮ್ಮೆ, ಬೇಟೆಯ ಗಿಡುಗದ ಕಾಲಿಗೆ ಕಟ್ಟುವ ಗೆಜ್ಜೆಯ ತುಂಬ ಚಿನ್ನದ ಪುಡಿ ತಂದು ಒಪ್ಪಿಸಬೇಕೆಂದು ಕಪ್ಪ ವಿಧಿಸಿದ. ಚಿನ್ನ ಸಿಗದ ಕಡೆ ಸುಮಾರು 11 ಕಿಲೋ ಹತ್ತಿ ಕೊಡಬೇಕಿತ್ತು.

‘ಹದಿನೈದನೆಯ ಶತಮಾನದವನನ್ನು ಇಂದಿನ ನೀತಿಯಿಂದ ಅಳೆಯಬಾರದು’ ಎಂಬುದು ಕೊಲಂಬಸ್‌ನ ಪರ ವಹಿಸುವವರ ಮುಖ್ಯ ವಾದ. ಮಾತು ನ್ಯಾಯವಾದದ್ದೇ. ಹಾಗಾದರೆ ಆತನ ಕಾಲದವರೇ ಏನೆಂದರು ಎಂದು ನೋಡಬೇಕು. ಆತನನ್ನು ಕಳುಹಿಸಿದ ರಾಣಿ ಇಸಬೆಲಾಳೇ ಸ್ಪೇನಿಗೆ ತಂದ ಗುಲಾಮರನ್ನು ಬಿಡುಗಡೆ ಮಾಡಿ ಹಿಂದಕ್ಕೆ ಕಳುಹಿಸುವಂತೆ 1500ರಲ್ಲಿ ಆಜ್ಞಾಪಿಸಿದಳು. ಅದೇ ವರ್ಷ ವಿಚಾರಣೆಗೆಂದು ಬಂದ ರಾಜಪ್ರತಿನಿಧಿ ಫ್ರಾನ್ಸಿಸ್ಕೊ ದೆ ಬೊಬಾದಿಯಾ, ಕೊಲಂಬಸ್‌ಗೂ ಅವನ ಇಬ್ಬರು ಸೋದರರಿಗೂ ಸಂಕೋಲೆ ತೊಡಿಸಿ ಸ್ಪೇನಿಗೆ ಅಟ್ಟಿದ. ಬಹುಕಾಲ ಕಣ್ಮರೆಯಾಗಿದ್ದ ಆ ವಿಚಾರಣೆಯ ದಾಖಲೆ ಸ್ಪೇನಿನ ಸರ್ಕಾರಿ ಪತ್ರಾಗಾರದಲ್ಲಿ ದೊರೆತು 2006ರಲ್ಲಿ ಪ್ರಕಟವಾಯಿತು. ಅಲ್ಲಿ ನೆಲೆಸಿದ್ದ ಸ್ಪೇನಿಗರೂ ಆತನ ಕ್ರೂರ ಶಿಕ್ಷೆಗಳ ಬಗ್ಗೆ ಹೇಳಿಕೆ ಕೊಟ್ಟಿದ್ದಾರೆ. ಹೇಳಿಕೆ ಕೊಟ್ಟವರಲ್ಲಿ ಅವನ ವಿರೋಧಿಗಳೂ ಇದ್ದರೆಂಬುದು ನಿಜ. ದೊರೆಗಳು ಆತನ ಸಂಕೋಲೆ ಬಿಡಿಸಿದ್ದೂ ನಿಜ. ಆದರೆ ದ್ವೀಪದ ಆಡಳಿತವನ್ನು ಮತ್ತೆ ಅವನ ಕೈಗೆ ಕೊಡಲಿಲ್ಲ.

ಟೈನೊ ಜನ ಅಳಿದದ್ದು ರೋಗಗಳಿಂದ, ಕೊಲಂಬಸ್‌ನಿಂದಲ್ಲ ಎಂಬುದು ಇನ್ನೊಂದು ಸಮರ್ಥನೆ. ರೋಗಗಳ ಪಾಲು ದೊಡ್ಡದೇ. ಆದರೆ ಸಿಡುಬು ಆ ದ್ವೀಪಕ್ಕೆ ಬಂದದ್ದು 1518ರ ಕೊನೆಗೆ. 1514ರ ಎಣಿಕೆಯ ವೇಳೆಗಾಗಲೇ ಅಲ್ಲಿ ಉಳಿದಿದ್ದ ಟೈನೊಗಳು 26 ಸಾವಿರದಷ್ಟು ಮಾತ್ರ. ಮೊದಲಿದ್ದವರ ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲದಿದ್ದರೂ ಅದು ಲಕ್ಷಗಳಲ್ಲಿತ್ತು ಎಂಬುದೇ ಬಹುಮಂದಿಯ ಅಭಿಪ್ರಾಯ. ಗಣಿ ದುಡಿಮೆ, ಹಸಿವು, ಯುದ್ಧಗಳು ಸಿಡುಬಿಗಿಂತ ಮೊದಲೇ ತಮ್ಮ ಕೆಲಸ ಮಾಡಿದ್ದವು.

ಇಷ್ಟಾದರೂ ಈ ರಜೆ ಹುಟ್ಟಿದ ಬಗೆಯನ್ನು ಮರೆಯುವಂತಿಲ್ಲ. 1891ರ ಮಾರ್ಚಿಯಲ್ಲಿ ನ್ಯೂ ಆರ್ಲಿಯನ್ಸ್ ನಗರದ ಜೈಲಿಗೆ ನುಗ್ಗಿದ ಗುಂಪು 11 ಮಂದಿ ಇಟಾಲಿಯನ್ನರನ್ನು ಕೊಂದಿತು. ಇಟಲಿ ತನ್ನ ರಾಯಭಾರಿಯನ್ನು ವಾಪಸು ಕರೆಸಿಕೊಂಡಿತು. ಮರುವರ್ಷ ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್, ಕೊಲಂಬಸ್ ಯಾನದ 400ನೆಯ ವರ್ಷವನ್ನು ದೇಶವೆಲ್ಲ ಆಚರಿಸಬೇಕೆಂದು ಕರೆ ಕೊಟ್ಟರು. ಹೀನಾಯವಾಗಿ ಕಾಣಲಾಗುತ್ತಿದ್ದ ಇಟಾಲಿಯನ್ ವಲಸಿಗರಿಗೆ, ಜಿನೋವಾದಲ್ಲಿ ಹುಟ್ಟಿದ ಕೊಲಂಬಸ್ ‘ನಾವೂ ಈ ದೇಶಕ್ಕೆ ಸೇರಿದವರು’ ಎಂದು ಹೇಳಿಕೊಳ್ಳಲು ಆಸರೆಯಾದ. 1934ರಲ್ಲಿ ಅಮೆರಿಕದ ಸಂಸತ್ತು ನಿರ್ಣಯ ಕೈಗೊಂಡಿತು. 1968ರ ಕಾಯ್ದೆ ಈ ದಿನವನ್ನು ಸೋಮವಾರದ ರಜೆಯಾಗಿಸಿತು.

ಹೀಗೆ ನೊಂದ ಒಂದು ಜನಸಮುದಾಯದ ಮಾನದ ಗುರುತು, ನೊಂದ ಇನ್ನೊಂದು ಸಮುದಾಯದ ಗಾಯದ ಮೇಲೆ ನಿಂತಿದೆ. ಸೌತ್ ಡಕೋಟ ರಾಜ್ಯ 1990ರಲ್ಲಿ, ಬರ್ಕ್ಲಿ ನಗರ 1992ರಲ್ಲಿ ಕೊಲಂಬಸ್ ಹೆಸರು ಬಿಟ್ಟು ಮೂಲನಿವಾಸಿಗಳ ಹೆಸರಿನಲ್ಲಿ ಆ ದಿನವನ್ನು ಆಚರಿಸತೊಡಗಿದವು. 2021ರಲ್ಲಿ ಅಧ್ಯಕ್ಷ ಜೋ ಬೈಡನ್ ಮೂಲನಿವಾಸಿಗಳ ದಿನದ ಘೋಷಣೆ ಹೊರಡಿಸಿದರು. 2025ರಲ್ಲಿ ಡೊನಾಲ್ಡ್ ಟ್ರಂಪ್ ಕೊಲಂಬಸ್ ದಿನವನ್ನಷ್ಟೇ ಘೋಷಿಸಿದರು.

ಈ ಹಗ್ಗಜಗ್ಗಾಟದಿಂದ ಹೊರಬರುವ ದಾರಿಯನ್ನು ಕೊಲರಾಡೊ ರಾಜ್ಯ ತೋರಿಸಿದೆ. 1907ರಲ್ಲಿ ಎಲ್ಲ ರಾಜ್ಯಗಳಿಗಿಂತ ಮೊದಲು ಕೊಲಂಬಸ್ ದಿನಕ್ಕೆ ರಜೆ ಕೊಟ್ಟದ್ದು ಈ ರಾಜ್ಯವೇ. 2020ರಲ್ಲಿ ಅದನ್ನು ಕೈಬಿಟ್ಟು ಫ್ರಾನ್ಸೆಸ್ ಕ್ಯಾಬ್ರಿನಿ ಹೆಸರಿನಲ್ಲಿ ರಜೆ ನೀಡಿತು. ಕ್ಯಾಬ್ರಿನಿಯೂ ಇಟಲಿಯಿಂದ ವಲಸೆ ಬಂದಾಕೆಯೇ. ಬಡ ವಲಸಿಗರಿಗಾಗಿ ಶಾಲೆ, ಆಸ್ಪತ್ರೆ, ಅನಾಥಾಲಯಗಳನ್ನು ಕಟ್ಟಿದ ಸನ್ಯಾಸಿನಿ. ಇಟಾಲಿಯನ್ನರ ಗೌರವಕ್ಕೆ ಕೊಲಂಬಸ್ ಅನಿವಾರ್ಯವಲ್ಲ ಎಂಬುದು ಇದರಿಂದ ಸ್ಪಷ್ಟ.

1492ನೆಯ ಇಸವಿ ಚರಿತ್ರೆಯ ಪುಸ್ತಕದಿಂದ ಅಳಿಸಿಹೋಗುವಂಥದ್ದಲ್ಲ. ಅದನ್ನು ಮಕ್ಕಳು ಓದಲೇಬೇಕು. ಆದರೆ ರಜಾದಿನವು ಪಾಠವಲ್ಲ, ಸನ್ಮಾನ. ತನ್ನ ದೊರೆಗಳೇ ಆಡಳಿತದಿಂದ ಕೆಳಗಿಳಿಸಿದ ವ್ಯಕ್ತಿಗೆ ಐದು ಶತಮಾನಗಳ ನಂತರವೂ ಆ ಸನ್ಮಾನ ಮುಂದುವರಿಯಬೇಕೆಂದು ಹೇಳುವುದು ಕಷ್ಟ.