ದಾದಿಯರ ಮೇಲಣ ಕಣ್ಣು

ಪರರ ಶಿಶುವನ್ನು ವೇತನಕ್ಕಾಗಿ ಪೋಷಿಸುವ ಹೆಂಗಸು ಆ ಮಗುವನ್ನು ಎತ್ತಿಕೊಂಡು ಹೊಸ್ತಿಲು ದಾಟಿದಳೆಂದರೆ, ಮನೆಯೊಳಗಿನ ಒಬ್ಬ ಒಡತಿಗೆ ಬದಲಾಗಿ ಬೀದಿಯ ನೂರು ಒಡೆಯರಿಗೆ ಉತ್ತರ ಹೇಳಬೇಕಾದವಳಾಗುತ್ತಾಳೆ. ಮಗು ಅತ್ತರೆ ಇವಳು ಚಿವುಟಿರಬೇಕು. ಅಳದೆ ನಿದ್ರಿಸಿದರೆ ಅಫೀಮು ನೆಕ್ಕಿಸಿರಬೇಕು. ಬಿಸಿಲಿಗೆ ಬಿಟ್ಟರೆ ಅಲಕ್ಷ್ಯ, ನೆರಳಿನಲ್ಲಿ ಕೂರಿಸಿಕೊಂಡರೆ ಸೋಮಾರಿತನ. ತಾಯಿಯೇ ಜೊತೆಯಲ್ಲಿದ್ದರೆ ಯಾರೂ ಆಡದ ಈ ಮಾತುಗಳು ಕೂಲಿಯವಳ ಕೈಯಲ್ಲಿ ಮಗುವನ್ನು ಕಂಡೊಡನೆ ಅಪರಿಚಿತರ ನಾಲಗೆಗೆ ಎಷ್ಟು ಸಲೀಸಾಗಿ ಬರುತ್ತವೆಯೆಂಬುದನ್ನು ಅರಿಯಬೇಕಾದರೆ, ಈ ತೀರ್ಪುಗಾರಿಕೆ ಒಂದು ನಗರದ ನಿತ್ಯವ್ಯವಹಾರವೇ ಆಗಿಹೋಗಿದ್ದ ಕಾಲವನ್ನು, ಎಂದರೆ ವಿಕ್ಟೋರಿಯಾ ರಾಣಿಯ ಲಂಡನ್ನನ್ನು, ಕೊಂಚ ನಿಧಾನವಾಗಿ ನೋಡಬೇಕು.

ಮಕ್ಕಳ ತಳ್ಳುಗಾಡಿಯ ಕಥೆ ಅದಕ್ಕಿಂತ ಹಳೆಯದು. 1733ರಲ್ಲಿ ವಿಲಿಯಂ ಕೆಂಟ್ ಎಂಬ ವಾಸ್ತುಶಿಲ್ಪಿ ಡೆವನ್‌ಷೈರ್ ಡ್ಯೂಕನ ಮಕ್ಕಳಿಗಾಗಿ ಪುಟ್ಟ ಪ್ರಾಣಿಯನ್ನು ಹೂಡಿ ಎಳೆಸುವಂಥ ಗಾಡಿಯೊಂದನ್ನು ರಚಿಸಿದನು. ಶ್ರೀಮಂತರ ಆಟಿಕೆಯಾಗಿಯೇ ನೂರಕ್ಕೂ ಹೆಚ್ಚು ವರ್ಷ ಉಳಿದಿದ್ದ ಆ ವಸ್ತು 1850ರ ದಶಕದಲ್ಲಿ ಚಾರ್ಲ್ಸ್ ಬರ್ಟನ್ ಎಂಬವನ ಕೈಯಲ್ಲಿ ಹಿಂದಿನಿಂದ ನೂಕುವ ಮೂರು ಗಾಲಿಯ ಬಂಡಿಯಾಗಿ ಮಾರ್ಪಟ್ಟು, ಅನುಕೂಲಸ್ಥರ ಮನೆಮನೆಗೂ ಹಬ್ಬಿತು. ಅಲ್ಲಿಯವರೆಗೆ ತೋಳಿನ ಮೇಲೋ ಕೈಬೆರಳ ಹಿಡಿತದಲ್ಲೋ ಇದ್ದ ಮಗು ಈಗ ದಾದಿಗೆ ಬೆನ್ನುಮಾಡಿ ಮುಂದೆ ಸಾಗುತ್ತಿತ್ತು. ಅದರ ಮುಖ ದಾದಿಗೆ ಕಾಣದೆ, ಎದುರು ಬರುವವರಿಗೆಲ್ಲ ಕಾಣುತ್ತಿತ್ತು. ಮೂಗು ಸೋರಿದ್ದನ್ನೂ ಟೋಪಿಯ ದಾರ ಕುತ್ತಿಗೆಗೆ ಬಿಗಿದದ್ದನ್ನೂ ಮೊದಲು ಕಂಡವನು ದಾರಿಹೋಕನೇ ಆದುದರಿಂದ, ಕಂಡದ್ದನ್ನು ಹೇಳುವ ಹಕ್ಕೂ ತನ್ನದೆಂದು ಅವನು ಭಾವಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಕೆನ್ಸಿಂಗ್ಟನ್ ಉದ್ಯಾನದ ವಿಶಾಲ ನಡಿಗೆದಾರಿಯಲ್ಲೂ ಹೈಡ್ ಪಾರ್ಕಿನಲ್ಲೂ ಸಾಲುಸಾಲಾಗಿ ಗಾಡಿ ನೂಕುತ್ತಿದ್ದ ಹುಡುಗಿಯರು, ಪಕ್ಕದ ನೈಟ್ಸ್‌ಬ್ರಿಡ್ಜ್ ಪಾಳೆಯದ ಕೆಂಪಂಗಿ ಸಿಪಾಯಿಗಳೊಡನೆ ಮಾತಿಗೆ ನಿಂತು ಮಗುವನ್ನು ಮರೆಯುವರೆಂಬ ಆಪಾದನೆ ವ್ಯಂಗ್ಯಚಿತ್ರಗಳ ಸಿದ್ಧವಸ್ತುವಾಯಿತು. ನಿಂತ ಹುಡುಗಿಯರೂ ಇದ್ದಿರಬಹುದು. ಆದರೆ ಬೆಳಗಿನಿಂದ ರಾತ್ರಿಯವರೆಗೆ ದುಡಿದು ಮಗುವಿನ ಪಕ್ಕದಲ್ಲಿಯೇ ಮಲಗಬೇಕಾಗಿದ್ದ ತರುಣಿಗೆ, ಸಮವಯಸ್ಕರ ಮುಖ ನೋಡಲು ದೊರೆಯುತ್ತಿದ್ದುದು ಆ ಉದ್ಯಾನದ ಒಂದೆರಡು ತಾಸು ಮಾತ್ರವೆಂಬುದನ್ನು ಯಾವ ಚಿತ್ರಗಾರನೂ ಬರೆಯಲಿಲ್ಲ.

ಈ ಕಣ್ಗಾವಲಿಗೆ ಒಂದು ಉತ್ತರವೂ ಹುಟ್ಟಿತು. 1892ರಲ್ಲಿ ಎಮಿಲಿ ವಾರ್ಡ್ ಎಂಬ ಶಿಕ್ಷಕಿ ಲಂಡನ್ನಿನಲ್ಲಿ ನಾರ್ಲೆಂಡ್ ಸಂಸ್ಥೆಯನ್ನು ಸ್ಥಾಪಿಸಿ, ಫ್ರೋಬೆಲ್ ಎಂಬ ಶಿಕ್ಷಣತಜ್ಞನ ಶಿಶುಶಿಕ್ಷಣತತ್ತ್ವವನ್ನು ಆಧರಿಸಿ ದಾದಿಯರನ್ನು ತರಬೇತುಗೊಳಿಸತೊಡಗಿದಳು. ಮಗುವನ್ನು ಹೊಡೆಯಕೂಡದೆಂಬುದು ಅಲ್ಲಿಯ ಕಟ್ಟುನಿಟ್ಟಾದ ನಿಯಮವಾಗಿತ್ತು. ಬೆತ್ತಕ್ಕೆ ಮನೆಯಲ್ಲೂ ಶಾಲೆಯಲ್ಲೂ ಗೌರವಸ್ಥಾನವಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಸಮವಸ್ತ್ರ ಧರಿಸಿದ ನಾರ್ಲೆಂಡಿನವಳನ್ನು ಉದ್ಯಾನದಲ್ಲಿ ದೂರದಿಂದಲೇ ಗುರುತಿಸಬಹುದಾಗಿತ್ತು. ಆಕೆಯ ಕೈಯಲ್ಲಿ ಹಿಂದಿನ ಒಡತಿಯರು ಬರೆದ ಪ್ರಶಂಸೆಗಳ ಪುಸ್ತಕವಿರುತ್ತಿತ್ತು. ಅಂದರೆ, ನೋಡುವವರ ಕಣ್ಣನ್ನು ತಪ್ಪಿಸುವ ಬದಲು ಆ ಕಣ್ಣಿಗೆ ತಾನೇ ಒಂದು ಅಳತೆಗೋಲನ್ನು ಕೊಟ್ಟು, ಕೂಲಿಯ ಕೆಲಸವನ್ನು ವೃತ್ತಿಯಾಗಿ ಎತ್ತಿ ನಿಲ್ಲಿಸಿದ್ದು ಎಮಿಲಿ ವಾರ್ಡಳ ಸಾಧನೆ. ಅದು ಸಭ್ಯಮನೆತನದ, ಓದುಬರಹ ಬಲ್ಲ ಹುಡುಗಿಯರಿಗೆ ಮಾತ್ರ ತೆರೆದ ಬಾಗಿಲಾಗಿತ್ತೆಂಬುದನ್ನೂ ಸೇರಿಸಿ ಹೇಳಬೇಕು.

ಇದೇ ಕಾಲದಲ್ಲಿ ಸಮುದ್ರದ ಈಚೆಯ ದಡದಲ್ಲಿ ಅದೇ ಆಂಗ್ಲ ಶಿಶುಗಳನ್ನು ಆಡಿಸುತ್ತಿದ್ದವಳು ನಮ್ಮ ಆಯಾ. 1809ರಲ್ಲಿ ಬೆಂಗಳೂರಿನಲ್ಲಿ ದಂಡು ನೆಲೆಗೊಂಡ ಮೇಲೆ ಬಂಗಲೆಗಳೆದ್ದವು. ಬಂಗಲೆಗಳೊಡನೆ ಬಟ್ಲರ್, ಮಾಲಿ, ಆಯಾ ಎಂಬ ಪರಿವಾರವೂ ಬೆಳೆಯಿತು. 1870ರಲ್ಲಿ ಕಬ್ಬನ್ ಪಾರ್ಕು ರೂಪುಗೊಂಡ ಮೇಲೆ ಸಂಜೆಯ ಗಾಳಿಗೆ ಮಗುವನ್ನು ಒಯ್ಯುವುದಕ್ಕೆ ಹಸಿರುನೆಲವೂ ದೊರೆಯಿತು. ಕಂಕುಳಲ್ಲಿ ಬಿಳಿಯ ಮಗು, ಬಾಯಲ್ಲಿ ‘ಬಾಬಾ, ಬಾಬಾ’ ಎಂಬ ಲಲ್ಲೆ. ಮಗು ತನ್ನ ತಾಯಿಯ ನುಡಿಗಿಂತ ಮುಂಚೆ ಆಯಾಳ ನುಡಿಯನ್ನು ಕಲಿಯುತ್ತಿತ್ತು. ಕಂಡ ದೊರೆಸಾನಿಯರ ಟೀಕೆಗೆ ಮೂಲವಾದದ್ದು ಮುಖ್ಯವಾಗಿ ಇದೇ: ಆಯಾ ಮಗುವನ್ನು ಅತಿಯಾಗಿ ಮುದ್ದಿಸಿ ಕೆಡಿಸುತ್ತಾಳೆ, ಅದು ಕೇಳಿದ್ದನ್ನೆಲ್ಲ ಕೊಡುತ್ತಾಳೆ, ನಮ್ಮ ಮಾತನ್ನು ಮರೆಸುತ್ತಾಳೆ. ಅಕ್ಕರೆಯೇ ಅಪರಾಧವೆನಿಸಿದ ಈ ವಿಚಾರಣೆಯಲ್ಲಿ, ಉಗುರಿನಡಿ ಅಫೀಮು ಇಟ್ಟುಕೊಂಡು ಮಗುವಿಗೆ ಚೀಪಿಸುತ್ತಾಳೆಂಬ ಆರೋಪವೂ ಸೇರಿತ್ತು. ಅಂಥ ಪ್ರಸಂಗಗಳು ಇರಲೇ ಇಲ್ಲವೆನ್ನಲಾರೆ. ಆದರೆ ಇಂಗ್ಲೆಂಡಿನಲ್ಲಿ ಅದೇ ಅಫೀಮನ್ನು ಸಕ್ಕರೆಪಾಕದಲ್ಲಿ ಬೆರೆಸಿ ‘ಗಾಡ್‌ಫ್ರೀಸ್ ಕಾರ್ಡಿಯಲ್’ ಎಂಬ ಹೆಸರಿನಿಂದ ಅಂಗಡಿಗಳಲ್ಲಿ ಮಾರುತ್ತಿದ್ದರು. ತಾಯಂದಿರೂ ದಾದಿಯರೂ ಅದನ್ನು ಕೂಸುಗಳಿಗೆ ಕುಡಿಸುತ್ತಿದ್ದರು. ಅಲ್ಲಿ ಸೀಸೆಯಲ್ಲಿದ್ದಾಗ ಔಷಧವಾದದ್ದು ಇಲ್ಲಿ ಉಗುರಿನಲ್ಲಿದ್ದಾಗ ವಿಷವಾಯಿತೆಂಬುದು ನನಗೆ ಇಂದಿಗೂ ಅನ್ಯಾಯವಾಗಿಯೇ ಕಾಣುತ್ತದೆ.

ಆಯಾಳ ಬಳಿಯೂ ಪ್ರಶಂಸಾಪತ್ರಗಳಿರುತ್ತಿದ್ದವು. ವರ್ಗವಾಗಿ ಹೋಗುವ ಪ್ರತಿಯೊಬ್ಬ ದೊರೆಸಾನಿಯಿಂದಲೂ ಬರೆಸಿಕೊಂಡ ಚೀಟಿಗಳನ್ನು ಬಟ್ಟೆಯಲ್ಲಿ ಸುತ್ತಿ, ಆ ಗಂಟನ್ನು ಒಡವೆಯಂತೆ ಕಾಪಾಡಿಕೊಂಡು, ಹೊಸ ಬಂಗಲೆಯ ಜಗುಲಿಯಲ್ಲಿ ನಿಂತು ಬಿಚ್ಚಿ ತೋರಿಸುವುದು ಚಾಕರಿಯವರೆಲ್ಲರ ಪದ್ಧತಿ. ನಾರ್ಲೆಂಡಿನವಳು ತನ್ನ ಪುಸ್ತಕವನ್ನು ಓದಬಲ್ಲಳು. ಅಕ್ಷರವರಿಯದ ಆಯಾಳಾದರೋ ತನ್ನನ್ನು ಹೊಗಳಿದೆಯೋ ಹಳಿದಿದೆಯೋ ತಿಳಿಯದ ಕಾಗದವನ್ನು, ಅದನ್ನು ಓದುವ ಮುಖದ ಛಾಯೆ ನೋಡಿಯೇ ಅರ್ಥಮಾಡಿಕೊಳ್ಳಬೇಕಾಗಿತ್ತು.

ಊರಿಗೆ ಮರಳುವ ಕುಟುಂಬದೊಡನೆ ಹಡಗು ಹತ್ತಿದ ಆಯಾಗಳ ಸಂಗತಿ ಇದಕ್ಕಿಂತ ಕಠಿನ. ವಾರಗಟ್ಟಲೆ ಸಾಗುವ ಯಾನದಲ್ಲಿ ವಾಂತಿಮಾಡುವ ತಾಯಿಯನ್ನೂ ಹಟಹಿಡಿದ ಮಕ್ಕಳನ್ನೂ ಸಂಭಾಳಿಸಿ ಲಂಡನ್ ಮುಟ್ಟಿಸಿದ ಮೇಲೆ, ಅವಳನ್ನು ಹಿಂದಕ್ಕೆ ಕಳಿಸುವ ಹೊಣೆಯನ್ನು ನಿರ್ವಹಿಸದೆ ಕೈಬಿಟ್ಟ ಕುಟುಂಬಗಳುಂಟು. 1908ರಲ್ಲಿ ಹೀಗೆ ಒಬ್ಬಳನ್ನು ಕಿಂಗ್ಸ್ ಕ್ರಾಸ್ ರೈಲುನಿಲ್ದಾಣದಲ್ಲಿ ಒಂದು ಪೌಂಡು ಕೈಗಿತ್ತು ಬಿಟ್ಟುಹೋದರು. ಟೋಪಿಯ ದಾರ ಬಿಗಿದದ್ದನ್ನು ನೂರು ಗಜದಿಂದ ಕಾಣುತ್ತಿದ್ದ ನಗರದ ಕಣ್ಣು ಇಂಥ ನಿಲ್ದಾಣಗಳಲ್ಲಿ ಏನನ್ನು ನೋಡುತ್ತಿತ್ತು? ಮಗು ಜೊತೆಯಲ್ಲಿರುವವರೆಗೆ ಅವಳು ಎಲ್ಲರ ವಿಚಾರಣೆಗೆ ಪಾತ್ರಳು. ಮಗು ತೋಳಿನಿಂದ ಇಳಿದ ಕ್ಷಣವೇ ಯಾರಿಗೂ ಬೇಡದವಳು. ಶಿಶುವಿನ ಮೇಲಣ ಕಾಳಜಿಯೆಂದು ಹೇಳಿಕೊಂಡ ಆ ತೀರ್ಪುಗಳಲ್ಲಿ ಶಿಶುವನ್ನು ಹೊತ್ತವಳ ಮೇಲೆ ಎಳ್ಳಷ್ಟೂ ಕಾಳಜಿ ಇರಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ನನಗೆ ಬೇಕಿಲ್ಲ.

ಹೀಗೆ ಬಂದಿಳಿದ ಆಯಾಗಳಿಗಾಗಿ ಲಂಡನ್ನಿನ ಆಲ್ಡ್‌ಗೇಟಿನಲ್ಲಿ ಒಂದು ಆಯಾನಿಲಯವಿತ್ತು. ಲಂಡನ್ ಸಿಟಿ ಮಿಷನ್ನಿನವರು ಅದನ್ನು 1900ರಲ್ಲಿ ಹ್ಯಾಕ್ನಿಯ ಕಿಂಗ್ ಎಡ್ವರ್ಡ್ಸ್ ರಸ್ತೆಯ 26ನೆಯ ಮನೆಗೆ ಸಾಗಿಸಿದರು. ಆಯಾಳನ್ನು ಕರೆತಂದ ಒಡತಿ ಮರುಪ್ರಯಾಣದ ಟಿಕೇಟನ್ನು ನಿಲಯದ ಮೇಲ್ವಿಚಾರಕಿಗೆ ಒಪ್ಪಿಸುವಳು; ಇಂಡಿಯಕ್ಕೆ ಹೊರಟ ಮತ್ತೊಂದು ಕುಟುಂಬ ಆಯಾ ಬೇಕೆಂದು ಬಂದಾಗ ಆ ಟಿಕೇಟು ಅವರಿಗೆ ಮಾರಾಟವಾಗಿ, ಬಂದ ಹಣದಲ್ಲಿ ಅಲ್ಲಿಯವರೆಗಿನ ಊಟವಸತಿಯ ವೆಚ್ಚ ತುಂಬುತ್ತಿತ್ತು. ಆಕೆ ಇನ್ನೊಂದು ಮಗುವನ್ನು ಎತ್ತಿಕೊಂಡು ತನ್ನ ಊರಿಗೆ ಹಿಂದಿರುಗುತ್ತಿದ್ದಳು. ಧರ್ಮಬೋಧೆಯ ಉದ್ದೇಶವೂ ಆ ಮಿಷನ್ನಿಗಿತ್ತು, ನಿಜ. ಆದರೂ ಪರದೇಶದ ಚಳಿಯಲ್ಲಿ ಬೆಂಕಿಯ ಎದುರು ಕೂರಲು ಕೊಟ್ಟ ಸ್ಥಳವನ್ನು ನಾನು ಹಗುರಾಗಿ ಎಣಿಸಲಾರೆ.

2022ರಲ್ಲಿ ಆ ಮನೆಯ ಗೋಡೆಗೆ ಸ್ಮಾರಕವಾಗಿ ನೀಲಿ ಫಲಕವೊಂದನ್ನು ಕೂರಿಸಿದರು. ಅದರಲ್ಲಿ ಯಾವ ಆಯಾಳ ಹೆಸರೂ ಇಲ್ಲ. ಹೆಸರುಗಳಿಗಾಗಿ ಹಡಗುಗಳ ಪ್ರಯಾಣಿಕರ ಪಟ್ಟಿಗಳನ್ನು ತಿರುವಿಹಾಕುವವರಿಗೂ ಬಹಳ ಕಡೆ ಸಿಗುವುದು ಒಡತಿಯ ಹೆಸರು, ಅದಕ್ಕೆ ಅಂಟಿಕೊಂಡಂತೆ ‘ಇವರ ಆಯಾ’ ಎಂಬಷ್ಟೇ.