ಸ್ಥಳೀಯರೆಂದರೆ ಯಾರು? ಮುಲ್ಕಿಯಿಂದ 371(ಜೆ)ವರೆಗೆ

ಕಾಲೇಜು ಪ್ರವೇಶದ ದಿನಗಳು ಬಂದವೆಂದರೆ ನನ್ನ ಹಳೆಯ ವಿದ್ಯಾರ್ಥಿಗಳಿಂದ ಎರಡು ಪ್ರಶ್ನೆಗಳು ತಪ್ಪದೆ ಬರುತ್ತವೆ. ದೇವದುರ್ಗ, ಮಾನ್ವಿಯ ಕಡೆಯವರು 371(ಜೆ) ಪ್ರಮಾಣಪತ್ರದ ಬಗ್ಗೆ ಕೇಳುತ್ತಾರೆ. ಅಮೆರಿಕದಲ್ಲಿ ನೆಲೆಸಿದವರು, ಅಲ್ಲಿಯ ಕಮ್ಯುನಿಟಿ ಕಾಲೇಜುಗಳಲ್ಲಿ ಹೊರಗಿನವರಿಗೆ ಶುಲ್ಕ ಹೆಚ್ಚೇಕೆ ಎಂದು ಕೇಳುತ್ತಾರೆ. ಎರಡರ ಬೇರೂ ಒಂದೇ. ಒಂದು ಪ್ರದೇಶದ ಹಣದಿಂದ ನಡೆಯುವ ವಿದ್ಯಾಲಯದ ಮೇಲೆ ಮೊದಲ ಹಕ್ಕು ಯಾರದು?

ಅಮೆರಿಕದ ಉತ್ತರ ಸರಳ. ಅಲ್ಲಿಯ ಎಷ್ಟೋ ಕಮ್ಯುನಿಟಿ ಕಾಲೇಜುಗಳಿಗೆ ಸ್ಥಳೀಯರ ಆಸ್ತಿ ತೆರಿಗೆಯಿಂದ ಹಣ ಬರುತ್ತದೆ. ಆದುದರಿಂದ ತೆರಿಗೆ ಕೊಟ್ಟ ಮನೆಯ ಮಕ್ಕಳಿಗೆ ಶುಲ್ಕ ಕಡಿಮೆ. ಟೆಕ್ಸಾಸಿನಲ್ಲಿ ಕಾಲೇಜಿನ ವ್ಯಾಪ್ತಿಯವರು, ವ್ಯಾಪ್ತಿಯ ಹೊರಗಿನವರು, ರಾಜ್ಯದ ಹೊರಗಿನವರು ಎಂದು ಬೇರೆ ಬೇರೆ ದರಗಳಿವೆ. ಕ್ಯಾಲಿಫೋರ್ನಿಯದಲ್ಲಿ ಒಂದು ವರ್ಷ ಒಂದು ದಿನ ವಾಸವಿದ್ದುದನ್ನು ತೋರಿಸಬೇಕು. ಹುಟ್ಟಿದ್ದು ಎಲ್ಲಿ ಎಂಬುದಕ್ಕಿಂತ ಬಾಳುತ್ತಿರುವುದು ಎಲ್ಲಿ ಎಂಬುದೇ ಮುಖ್ಯ.

ನಮ್ಮ ದೇಶದಲ್ಲಿಯೂ ಈ ವಾದ ನ್ಯಾಯಾಲಯದ ಮೆಟ್ಟಿಲೇರಿತ್ತು. ಇಂದೋರಿನ ವೈದ್ಯಕೀಯ ಕಾಲೇಜು ಮಧ್ಯಭಾರತದ ನಿವಾಸಿಗಳಲ್ಲದವರಿಂದ ಹೆಚ್ಚುವರಿ ಶುಲ್ಕ ಪಡೆಯುತ್ತಿತ್ತು. ಡಿ. ಪಿ. ಜೋಶಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1955ರಲ್ಲಿ ಅದನ್ನು ಎತ್ತಿಹಿಡಿಯಿತು. ಸಂವಿಧಾನದ 15ನೆಯ ವಿಧಿ ನಿಷೇಧಿಸುವುದು ಜನ್ಮಸ್ಥಳದ ಆಧಾರದ ತಾರತಮ್ಯವನ್ನು. ವಾಸಸ್ಥಳ ಬೇರೆ, ಜನ್ಮಸ್ಥಳ ಬೇರೆ ಎಂಬುದು ಬಹುಮತದ ತೀರ್ಪಿನ ಸಾರ.

ನಮ್ಮ ರಾಯಚೂರು ಸೀಮೆಗೆ ಈ ಚರ್ಚೆ ಇನ್ನೂ ಹಳೆಯದು. ನಿಜಾಮರ ಕಾಲದಲ್ಲಿ, 1919ರಲ್ಲಿ, ಮುಲ್ಕಿ ನಿಯಮಗಳು ಬಂದವು. ಸರ್ಕಾರಿ ನೌಕರಿಗೆ ಮುಲ್ಕಿಯಾಗಿರಬೇಕು, ಅಂದರೆ ಈ ರಾಜ್ಯದವನಾಗಿರಬೇಕು. ಹೊರಗಿನಿಂದ ಬಂದವನು ಹದಿನೈದು ವರ್ಷ ನೆಲೆಸಿ, ಮರಳಿ ಹೋಗುವ ಯೋಚನೆ ಬಿಟ್ಟಿರುವುದಾಗಿ ಪ್ರಮಾಣಪತ್ರ ಬರೆದುಕೊಟ್ಟರೆ ಅವನೂ ಮುಲ್ಕಿಯೇ.

1956ರ ನವೆಂಬರ್ 1ರಂದು ಗಡಿಗಳು ಬದಲಾದವು. ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಅದರದೇ ತಾಲ್ಲೂಕುಗಳಾಗಿದ್ದ ಗದ್ವಾಲ ಮತ್ತು ಆಲಂಪುರ ಆಂಧ್ರಕ್ಕೆ ಹೋದವು. ಕೃಷ್ಣೆ ತುಂಗಭದ್ರೆಯರ ನಡುವಿನ ಒಂದೇ ದೋಆಬು ಎರಡಾಯಿತು. ಮುಂದೆ 1974ರಲ್ಲಿ ರಾಷ್ಟ್ರಪತಿಗಳ ಆದೇಶವು ಆಂಧ್ರಪ್ರದೇಶದ ವಿದ್ಯಾಸಂಸ್ಥೆಗಳಲ್ಲಿ ಶೇಕಡ 85ರಷ್ಟು ಸ್ಥಾನಗಳನ್ನು ಆಯಾ ಭಾಗದ ಸ್ಥಳೀಯರಿಗೆ ಮೀಸಲಿಟ್ಟಿತು. ಒಂದು ಕಾಲಕ್ಕೆ ನಮ್ಮ ಹಿರಿಯರ ವಿಶ್ವವಿದ್ಯಾಲಯವಾಗಿದ್ದ ಉಸ್ಮಾನಿಯಾದಲ್ಲಿ ಗದ್ವಾಲದ ಹುಡುಗ ಒಳಗಿನವನು, ರಾಯಚೂರಿನ ಹುಡುಗ ಹೊರಗಿನವನು! ತೆಲಂಗಾಣಕ್ಕೆ 1974ರಲ್ಲಿಯೇ ದೊರೆತ ಈ ರಕ್ಷಣೆ, ಅದೇ ಹೈದರಾಬಾದ್ ಸಂಸ್ಥಾನದಿಂದ ಬಂದ ನಮಗೆ ದೊರೆಯಲು ಇನ್ನೂ ನಾಲ್ಕು ದಶಕ ಹಿಡಿಯಿತು.

2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವೆಂದು ಗುರುತಿಸಿತು. ದೇವದುರ್ಗ, ಮಾನ್ವಿ ಎರಡೂ ಆ ಪಟ್ಟಿಯಲ್ಲಿದ್ದವು. ಕೊನೆಗೆ 2012ರ 98ನೆಯ ತಿದ್ದುಪಡಿಯಿಂದ 371(ಜೆ) ವಿಧಿ ಬಂದಿತು. 2013ರ ಆದೇಶದಂತೆ ಈ ಭಾಗದ ಸಂಸ್ಥೆಗಳಲ್ಲಿ ಶೇಕಡ 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇಕಡ 8 ಸ್ಥಾನಗಳು ನಮ್ಮ ಮಕ್ಕಳಿಗೆ ಮೀಸಲಾದವು. 2019ರಲ್ಲಿ ಪ್ರದೇಶದ ಹೆಸರು ಕಲ್ಯಾಣ ಕರ್ನಾಟಕವಾಯಿತು. ವಿಧಿ ಹಾಗೆಯೇ ಇದೆ.

ಈ ವಿಧಿಯಲ್ಲಿ ಒಂದು ವಿಶೇಷವಿದೆ. ಅದು ಜನನದಿಂದಲೋ ವಾಸದಿಂದಲೋ ಈ ಪ್ರದೇಶಕ್ಕೆ ಸೇರಿದವರು ಎನ್ನುತ್ತದೆ. ಇವೆರಡೂ ನಮಗೆ ಬೇಕು. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಆಂಧ್ರದ ರೈತರು ಮಾನ್ವಿ, ಸಿಂಧನೂರಿನ ಕಡೆ ಕ್ಯಾಂಪುಗಳನ್ನು ಕಟ್ಟಿಕೊಂಡು ಗದ್ದೆ ಮಾಡಿದರು. ಹೀಗೆ ಬಂದು ನೆಲೆನಿಂತವರನ್ನು ನಮ್ಮವರನ್ನಾಗಿಸುವುದು ವಾಸ. ಹೊಟ್ಟೆಪಾಡಿಗೆ ಬೆಂಗಳೂರಿಗೆ ಗುಳೆ ಹೋದವರನ್ನು ನಮ್ಮವರನ್ನಾಗಿ ಉಳಿಸುವುದು ಜನನ.

ಆದರೆ ಗುಳೆ ಹೋದ ಊರಿನಲ್ಲಿಯೇ ಹುಟ್ಟಿ, ಅಲ್ಲಿಯೇ ಒಂದೆರಡು ತರಗತಿ ಓದಿ ಬಂದ ಮಗುವಿನ ಗತಿ ಏನು? ಈ ವಿಧಿ ಯಾರ ಕಷ್ಟಕ್ಕಾಗಿ ಹುಟ್ಟಿತೋ ಅವರ ಕೈಯಲ್ಲಿಯೇ ಕಾಗದಗಳು ಕಡಿಮೆ. ಹೊಲಮನೆಯಿದ್ದವನಿಗೆ ಪಹಣಿಯಿದೆ; ಗುಡಿಸಲು ಕಿತ್ತು ಹೋಗುವವನಿಗೆ ಏನಿದೆ? ಶಾಲೆಯ ದಾಖಲಾತಿ ಪುಸ್ತಕದ ಒಂದು ಸಾಲು ಅಂಥವನಿಗೆ ಆಸ್ತಿಯಿದ್ದಂತೆ.

ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಈಗ ಶಿಕ್ಷಕರು, ಕಚೇರಿಗಳ ನೌಕರರು. ಅವರಲ್ಲಿ ಒಂದು ವಿನಂತಿ. ವ್ಯಾಸಂಗ ಪ್ರಮಾಣಪತ್ರ ಕೇಳಿ ಬಂದ ತಾಯಿಯನ್ನು ನಾಳೆ ಬಾ ಎಂದು ಕಳುಹಿಸಬೇಡಿ. ಆಕೆಯ ಒಂದು ದಿನದ ಕೂಲಿ ಹೋಗುತ್ತದೆ. ಕಡೆಯ ದಿನಾಂಕ ಮೀರಿದರೆ ಮಗುವಿನ ಒಂದು ವರ್ಷವೇ ಹೋಗುತ್ತದೆ.